ಗಾಜಿನಾಚೆಯ ಚಪ್ಪಾಳೆ

ಕೆಂಗುಡ್ಡದ ಒಳಪೇಟೆ,
ಗುಡ್ಡ ಹೊಕ್ಕ ನೂರಾ ಹದಿನೆಂಟನೆಯ ವರ್ಷ, ಹದಿಮೂರನೆಯ ತಿಂಗಳು, ಇಪ್ಪತ್ತೊಂದನೆಯ ದಿನ.

ಈ ಗೋಡೆ ಒಡೆದು ಪೆಟ್ಟಿಗೆ ತೆಗೆದವರಿಗೆ,

ತಾರೀಖು ನೋಡಿ ಗಲಿಬಿಲಿಯಾಗಬೇಡಿ. ನಮ್ಮ ಹಿರಿಯರು ಮೂರು ವರ್ಷಕ್ಕೊಮ್ಮೆ ಅಧಿಕಮಾಸವೆಂದು ಒಂದು ತಿಂಗಳು ಸೇರಿಸುತ್ತಿದ್ದರಂತೆ. ಬಿಸಿಲು ತಾಳಲಾರದೆ ಗುಡ್ಡದ ಹೊಟ್ಟೆಯೊಳಗೆ ಇಳಿದ ಮೇಲೆ, ಚಂದ್ರನನ್ನೇ ಕಾಣದ ನಾವು ಇಪ್ಪತ್ತೆಂಟು ದಿನಕ್ಕೊಂದು ತಿಂಗಳು, ವರ್ಷಕ್ಕೆ ಹದಿಮೂರು ತಿಂಗಳು ಎಂದು ಇಟ್ಟುಕೊಂಡೆವು. ನಮ್ಮ ಮಾತುಗಳೂ ನಿಮಗೆ ವಿಚಿತ್ರವೆನ್ನಿಸಬಹುದು, ಮನ್ನಿಸಿ. ನಾನು ಬರೆದು ರೂಢಿಯಿದ್ದವಳಲ್ಲ. ಮುಖಕ್ಕೆ ಬಣ್ಣ ಬಳಿದು ಬದುಕಿದವಳು. ಹೆಸರು ಹುಲಿಗೆಮ್ಮ.

ನಮ್ಮ ಸೋದರಮಾವ ಗಾದಿಲಿಂಗಪ್ಪ ಒಳಪೇಟೆಯಲ್ಲಿ ನಾಟಕದ ಕಂಪನಿ ನಡೆಸುತ್ತಿದ್ದ. ಮೇಲೂರಿನಲ್ಲಿ, ಅಂದರೆ ತಂಪಾದ ಎತ್ತರದ ಬೆಟ್ಟಗಳ ಮೇಲೆ ಕಟ್ಟಿದ ಪಟ್ಟಣದಲ್ಲಿ, ಆಗಲೇ ಬೆಳಕಿನ ಬೊಂಬೆಗಳು ಬಂದಿದ್ದವು. ಗಾಳಿಯಲ್ಲಿ ಮೂಡಿ, ನಿಮ್ಮ ಪಕ್ಕದಲ್ಲೇ ಕುಳಿತು ಅಳುವ ಬೊಂಬೆಗಳು. ಅವುಗಳಿಗೆ ಬೇಕಾದಷ್ಟು ವಿದ್ಯುತ್ ನಮ್ಮಲ್ಲಿರಲಿಲ್ಲ. ಹಾಗಾಗಿ ನಾವು ಹಲಗೆ ಹಾಸಿ, ಪರದೆ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ ಆಡುತ್ತಿದ್ದೆವು. ಮಾವನಿಗೆ ಹಳೆಯ ಕಥೆಗಳೆಲ್ಲ ಗೊತ್ತಿದ್ದವು. ಒಂದು ಕಾಲದಲ್ಲಿ ದೇವರ ಪಾತ್ರದವನನ್ನು ತಂತಿ ಕಟ್ಟಿ ಆಕಾಶದಿಂದ ಇಳಿಸುತ್ತಿದ್ದರಂತೆ, ಜನ ಕೂತಲ್ಲೇ ಕೈಮುಗಿಯುತ್ತಿದ್ದರಂತೆ. ಅದಕ್ಕೂ ಹಿಂದೆ ಪರದೆಯೇ ಇಲ್ಲದೆ, ಪಂಜಿನ ಬೆಳಕಿನಲ್ಲಿ ಒಬ್ಬ ಎರಡು ಹೆಜ್ಜೆ ಸುತ್ತು ಬಂದರೆ ಊರು ದಾಟಿದಂತೆ. ಆಮೇಲೆ ಬಂದವರು ಬಣ್ಣವೂ ಬೇಡ, ಪರದೆಯೂ ಬೇಡ, ಇದು ಆಟವೆಂದು ಜನರಿಗೆ ತಿಳಿದೇ ಇರಲಿ ಎಂದರಂತೆ. ಇದನ್ನೆಲ್ಲ ಹೇಳಿ ಮಾವ ಕೊನೆಗೆ, "ಎಲ್ಲಾ ಕಾಲದಾಗೂ ನೋಡೋರು ತಾವಾಗೇ ಬಂದು ಕುಂತಿದ್ರು. ಬಾ, ನನಗ ಮೋಸ ಮಾಡು ಅಂತ ಅವ್ರೇ ಕೇಳಿದ್ರು. ಕೇಳದವ್ರಿಗೆ ಮಾಡಿದ್ರ ಅದು ನಾಟಕ ಅಲ್ಲ" ಎನ್ನುತ್ತಿದ್ದ.

ಒಳಪೇಟೆಯ ಜನಕ್ಕೆ ಕೆಂಪು ಅದಿರು ಅಗೆಯುವುದೊಂದೇ ಕೆಲಸ. ಅದರ ಧೂಳು ಎದೆಯೊಳಗೆ ಇಳಿದು ಬರುವ ಕಾಯಿಲೆಗೆ ಧೂಳುಬೇನೆ ಎನ್ನುತ್ತಿದ್ದೆವು. ಮೊದಲು ತುಟಿ ನೀಲಿಯಾಗುತ್ತದೆ, ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆನ್ನೆ ಒಳಗೆ ಹೋಗುತ್ತದೆ. ನನ್ನ ಅಕ್ಕ ಹೊನ್ನೂರಮ್ಮ ಹದಿನೈದು ವರ್ಷ ಅಗೆದವಳು. ನಾನು ಹೇಳಹೊರಟ ವರ್ಷ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ.

ಐದು ವರ್ಷಕ್ಕೊಮ್ಮೆ ಮೇಲೂರಿನಿಂದ ತಪಾಸಣೆಯವರು ಬರುತ್ತಿದ್ದರು. ನಮ್ಮ ಗಾಳಿ ಅವರಿಗೆ ತಾಗಬಾರದೆಂದು ದಪ್ಪ ಗಾಜಿನ ಆಚೆ ಕುಳಿತೇ, ಮುಂದೆ ಸಾಲಾಗಿ ಹಾದುಹೋಗುವ ನಮ್ಮನ್ನು ನೋಡುತ್ತಿದ್ದರು. ಆ ಸಲ ಅವರು ಬರುವ ನಾಲ್ಕು ದಿನ ಮೊದಲು ಸುರಂಗದ ಮೇಲ್ವಿಚಾರಕ ಪಾಲಾಕ್ಷ ನಮ್ಮ ಬಣ್ಣದ ಕೋಣೆಗೆ ಬಂದ.

"ಗಾದಿಲಿಂಗಪ್ಪನವರೇ, ಬೇನೆ ಕಂಡವರನ್ನೆಲ್ಲ ಈ ಸಲ ಬಯಲಿಗೆ ಹಾಕ್ತಾರೆ. ಆ ಬಿಸಿಲಲ್ಲಿ ಒಂದು ದಿನ ಬದುಕಲ್ಲ. ನಿಮ್ಮ ಹುಡುಗಿ ಅವರ ಮುಖಕ್ಕೆ ಬಣ್ಣ ಹಚ್ಚಿದರೆ ಅಷ್ಟೂ ಜೀವ ಉಳೀತವೆ" ಎಂದ.

ಮಾವ ಬಣ್ಣದ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ನಾನೇ, "ಹಚ್ತೀನಿ" ಎಂದೆ.

"ಮೆರವಣಿಗೆ ಮುಗಿದ ಮೇಲೆ ನಿಮ್ಮದೊಂದು ಚಿಕ್ಕ ಆಟವೂ ಇರಲಿ. ಮಾತಿಲ್ಲದ್ದು. ಗಾಜಿನಾಚೆ ಏನೂ ಕೇಳಿಸಲ್ಲ" ಎಂದು ಹೇಳಿ ಪಾಲಾಕ್ಷ ಹೋದ.

ಇನ್ನೂರ ಹನ್ನೊಂದು ಮುಖಗಳು. ತಪಾಸಣೆಯ ದಿನ ಬೆಳಗಿನ ಗಂಟೆಗೆ ಮೊದಲೇ ಕುಳಿತೆ, ಕಂಪನಿಯ ಆರು ಮಂದಿ ಜೊತೆಗಿದ್ದರು. ಬೂದಿ ಬಣ್ಣ ಮುಚ್ಚಲು ಎಣ್ಣೆಯಲ್ಲಿ ಕಲಸಿದ ಬಿಳಿ ಮತ್ತು ಹಳದಿ, ಅದರ ಮೇಲೆ ಕೆನ್ನೆಗೆ ಇಂಗಳೀಕದ ಕೆಂಪು, ತುಟಿಗೆ ಇನ್ನಷ್ಟು ಗಾಢ. ಗುಳಿಬಿದ್ದ ಕೆನ್ನೆಗೆ ಒಳಗಿನಿಂದ ಅರಳೆ ಒತ್ತಿದೆವು. ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಗಿತ್ತು. ಅಷ್ಟು ಚೆಂದವಾಗಿ ನಾನು ಯಾವ ರಾಣಿಗೂ ಬಣ್ಣ ಹಚ್ಚಿರಲಿಲ್ಲ.

ಅಕ್ಕ ಕೊನೆಯಲ್ಲಿ ಬಂದು ಕುಳಿತಳು. ಮುಗಿಸಿ ಕನ್ನಡಿ ಕೊಟ್ಟೆ. ಅವಳು ಅದನ್ನು ಕೆಳಗಿಡಲೇ ಇಲ್ಲ.

"ಹುಲಿಗೀ, ನಾನು ಥೇಟ್ ಅವ್ವನ ಹಂಗ ಕಾಣ್ತೀನಲ್ಲ."

"ಅವ್ವಗಿಂತ ಚಲೋ ಅದಿ. ಗಾಜಿನ ಮುಂದ ಕೆಮ್ಮಬ್ಯಾಡ, ಅಷ್ಟ ಸಾಕು."

"ಕೆಮ್ಮಲ್ಲ ಬಿಡು" ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ಸಾಲು ಗಾಜಿನ ಮುಂದೆ ಹಾದುಹೋಯಿತು. ಯಾರೂ ಕೆಮ್ಮಲಿಲ್ಲ. ನಾನು ಕುಂಚ ತೊಳೆಯಲು ನೀರಿಗಾಗಿ ಹೆಬ್ಬಾಗಿಲಿನ ಅಂಗಳಕ್ಕೆ ಹೋದೆ. ಅಲ್ಲಿ ಮೇಲೂರಿನ ಉದ್ದನೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದರ ಬಾಗಿಲು ತೆರೆದಿತ್ತು. ಒಳಗೆ ಒಂದರ ಮೇಲೊಂದು ಮಂಚಗಳು, ಬಿಳಿ ಹಾಸಿಗೆ, ತಲೆದಿಂಬಿನ ಪಕ್ಕದಲ್ಲಿ ಉಸಿರಿನ ಕೊಳವೆ. ಚಾಲಕ ಗಾಲಿಗೆ ಒರಗಿ ಕುಳಿತಿದ್ದ.

"ಇವು ಯಾರಿಗಣ್ಣ?" ಎಂದು ಕೇಳಿದೆ.

"ನಿಮಗೇ ಅಮ್ಮ. ಮೂವರಲ್ಲಿ ಒಬ್ಬರಿಗೆ ಬೇನೆ ಕಂಡರೂ ಸುರಂಗ ಮುಚ್ಚಿ ಎಲ್ಲರನ್ನೂ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತ ಹುಕುಂ. ನೋಡಿದರೆ ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದಾರಂತೆ. ಖಾಲಿ ಹೋಗ್ತಾ ಇದ್ದೀವಿ" ಎಂದ. ಅವನ ಮಾತಿನಲ್ಲಿ ಬೇಸರವಿರಲಿಲ್ಲ. ನಮ್ಮ ಬಗ್ಗೆ ಸಂತೋಷವೇ ಇತ್ತು.

ಬಯಲಿಗೆ ಹಾಕುತ್ತಾರೆಂದು ಪಾಲಾಕ್ಷ ಹೇಳಿದ್ದು ಸುಳ್ಳು, ಸುರಂಗ ಮುಚ್ಚದಿರಲೆಂದು ಹೇಳಿದ್ದು. ನಾನು ಓಡಿದೆ. ಅಕ್ಕನ ರಟ್ಟೆ ಹಿಡಿದು ಗಾಜಿನ ಎದುರಿಗೆ ಎಳೆದುಕೊಂಡು ಬಂದೆ. ಆಚೆ ಐವರು ಇನ್ನೂ ಕುಳಿತೇ ಇದ್ದರು. ಎಣ್ಣೆ ಬಟ್ಟೆಯಿಂದ ಅವಳ ಮುಖ ತಿಕ್ಕಿ ಒರೆಸಿದೆ. ಕೆಂಪು ಹೋಯಿತು, ಬೂದಿ ಬಣ್ಣ ಬಂತು. ಬಾಯಿಂದ ಅರಳೆ ಕಿತ್ತೆ. ಓಡಿಸಿದ್ದಕ್ಕೆ ಅವಳು ಉಸಿರು ಸಿಗದೆ ಕುಸಿದು ಕುಳಿತಳು, ಕೆಮ್ಮಿದಳು, ಅಂಗೈಯಲ್ಲಿ ರಕ್ತ ಬಂತು. ಆ ಅಂಗೈಯನ್ನು ಎತ್ತಿ ಗಾಜಿಗೆ ಒತ್ತಿದೆ. "ನೋಡ್ರೀ, ಇದು ಖರೇ ಐತಿ, ನೋಡ್ರೀ" ಎಂದು ಗಂಟಲು ಹರಿಯುವಂತೆ ಕೂಗಿದೆ.

ನಡುವೆ ಕುಳಿತಿದ್ದ ಹಿರಿಯ ಹೆಂಗಸು ಮುಂದಕ್ಕೆ ಬಾಗಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಉಳಿದ ನಾಲ್ವರೂ ತಟ್ಟಿದರು. ಸದ್ದಿಲ್ಲ, ಬರೀ ಕೈಗಳು ಕೂಡಿ ಬಿಡುವುದು ಕಾಣುತ್ತಿತ್ತು. ಮೆರವಣಿಗೆಯ ನಂತರ ಆಟವಿದೆಯೆಂದು ಪಾಲಾಕ್ಷ ಅವರಿಗೆ ಮೊದಲೇ ಹೇಳಿದ್ದ. ಅವರು ಕಾದಿದ್ದದ್ದು ಅದಕ್ಕೇ.

ಇನ್ನೊಂದು ಮಾತು ಈವರೆಗೆ ಯಾರಿಗೂ ಹೇಳಿಲ್ಲ. ಆ ಕೈಗಳನ್ನು ನೋಡಿದಾಗ ನನ್ನ ತಲೆ ತಾನಾಗಿ ಬಾಗಿತು. ಇಪ್ಪತ್ತು ವರ್ಷದ ರೂಢಿ. ಅಕ್ಕ ನೆಲದ ಮೇಲೆ ಉಸಿರಿಗೆ ಒದ್ದಾಡುತ್ತಿದ್ದಳು, ನಾನು ಬಾಗಿ ನಮಸ್ಕರಿಸಿದೆ.

ನಾನು ಅಂಗಳಕ್ಕೆ ವಾಪಸ್ ಓಡುವಷ್ಟರಲ್ಲಿ ಗಾಡಿಗಳು ಖಾಲಿ ಹೋಗಿದ್ದವು. ಅಕ್ಕ ಆಮೇಲೆ ನಲವತ್ತೊಂದು ದಿನ ಇದ್ದಳು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. "ನೀ ಒರೆಸಿದ್ದು ಚಲೋ ಆತು. ಮುಖ ಭಾಳ ಉರೀತಿತ್ತು" ಎಂದಳು, ಅಷ್ಟೇ. ಆ ವರ್ಷವೇ ಇನ್ನೂರ ಹನ್ನೊಂದರಲ್ಲಿ ನೂರ ನಲವತ್ತು ಮಂದಿ ಹೋದರು. ಮಾವ ಪರದೆಗಳನ್ನೆಲ್ಲ ಇಳಿಸಿ ಹೆಣಗಳಿಗೆ ಹೊದಿಸಲು ಕೊಟ್ಟ. ಅರಮನೆ, ನದಿ, ಹೂದೋಟ ಬರೆದ ಬಟ್ಟೆಯಲ್ಲಿ ಜನ ಮಣ್ಣಿಗೆ ಹೋದರು. ಮಾವ ಮತ್ತೆ ಹಲಗೆ ಹತ್ತಲಿಲ್ಲ, ನನ್ನೊಡನೆ ಮಾತನ್ನೂ ಆಡಲಿಲ್ಲ. ಮುಂದಿನ ತಪಾಸಣೆಗೆ ಬಣ್ಣವಿಲ್ಲದ ಮುಖದಲ್ಲೇ ನಿಲ್ಲೋಣವೆಂದು ಮನೆ ಮನೆಗೆ ಹೋಗಿ ಹೇಳಿದೆ, ಎಲ್ಲರೂ ಒಪ್ಪಿದರು. ಆದರೆ ತಪಾಸಣೆಗೆ ಯಾರೂ ಬರಲಿಲ್ಲ. ಆರೋಗ್ಯವಂತ ಸುರಂಗಕ್ಕೆ ತಪಾಸಣೆ ಬೇಕಿಲ್ಲವೆಂದು ಮೇಲೂರು ತೀರ್ಮಾನಿಸಿತ್ತಂತೆ. ನಾನು ಆ ಬಣ್ಣ ಹಚ್ಚಿ ಹನ್ನೊಂದು ವರ್ಷವಾಯಿತು. ಈಗ ನನ್ನ ತುಟಿಯೂ ನೀಲಿಯಾಗಿದೆ.

ನಾಟಕವನ್ನು ದ್ವೇಷಿಸಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಕಾಲದಲ್ಲಿ ಅದು ಉಳಿದಿದ್ದರೆ ನೋಡಿ, ಅಳಿ, ನಗಿ. ಆದರೆ ಜನರ ಸುಖವನ್ನು ಯಾರಾದರೂ ನಿಮಗೆ ದೂರದಿಂದ ತೋರಿಸಿದರೆ, ಎದ್ದು ಆಚೆ ಹೋಗಿ ಒಬ್ಬರ ಕೆನ್ನೆಯನ್ನಾದರೂ ಮುಟ್ಟಿ ನೋಡಿ.

ಆ ತಪಾಸಣೆಯ ವರದಿಯನ್ನು ತಾಮ್ರದ ಹಾಳೆಗಳ ಮೇಲೆ ಕೊರೆದು ಹೆಬ್ಬಾಗಿಲಿಗೆ ಜಡಿದಿದ್ದಾರೆ. ಈ ಕಾಗದಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ, ನಿಮಗೂ ಸಿಗುತ್ತದೆ. ಮೂರನೆಯ ಹಾಳೆಯಲ್ಲಿ, ಕೆಳಗಿನಿಂದ ಎರಡನೆಯ ಸಾಲು: ಹೊನ್ನೂರಮ್ಮ, ವಯಸ್ಸು ಮೂವತ್ತೊಂಬತ್ತು, ಆರೋಗ್ಯವಂತೆ.

ಅದನ್ನು ನಂಬಬೇಡಿ.

ಹುಲಿಗೆಮ್ಮ