ಹೊತ್ತಿಗೊಂದು ದರ, ಹಾರುವುದು ಅದೇ ವಿಮಾನ

ವಿಮಾನ ದರ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳೇ,

ಒಂದೇ ವಿಮಾನಕ್ಕೆ, ಒಂದೇ ಗಂಟೆಯೊಳಗೆ, ಮೂರು ದರ. ಹೀಗಿರುವಾಗ ತಮ್ಮ ಕಚೇರಿಯ ಹೆಸರಿನಲ್ಲಿ ‘ನಿಯಂತ್ರಣ’ ಎಂಬ ಪದಕ್ಕೆ ಏನು ಕೆಲಸವೆಂದು ಕೇಳಲು ಈ ಪತ್ರ.

ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನಾಳೆ ಸಂದರ್ಶನ, ಇವತ್ತೇ ಅಂಗಿ ಬೇಕೆಂದು ಓಡಿಬಂದವರ ಮುಖ ನೋಡಿ ಮಜೂರಿ ಮೂರು ಪಟ್ಟು ಏರಿಸಿದರೆ ನಮ್ಮ ಬೀದಿಯಲ್ಲಿ ಅದನ್ನು ಸುಲಿಗೆ ಎನ್ನುತ್ತಾರೆ. ಮೂವತ್ತು ಸಾವಿರ ಅಡಿ ಮೇಲೇರಿದರೆ ಅದೇ ‘ಮಾರುಕಟ್ಟೆಯ ಸಹಜ ಕ್ರಿಯೆ’ ಆಗುತ್ತದೆಯಂತೆ. ಎತ್ತರಕ್ಕೆ ಏರಿದವರ ಭಾಷೆಯೇ ಬೇರೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಕಾಜ ಹಾಕುತ್ತ ಕುಳಿತಿದ್ದಾಗ ದೂರದೂರಿನಿಂದ ಭಾವನ ಫೋನು ಬಂತು. “ನಿಮ್ಮಕ್ಕಂಗೆ ನಾಳೆ ಬೆಳಿಗ್ಗೆ ಹಾರ್ಟ್ ಆಪರೇಷನ್ನು. ನಿನ್ನನ್ನೇ ಕೇಳ್ತಿದ್ದಾಳೆ, ಹೊರಟು ಬಾರಮ್ಮ.” ಅಮ್ಮ ತೀರಿಕೊಂಡ ಮೇಲೆ ನನಗೆ ಜಡೆ ಹೆಣೆದವಳು, ಸೂಜಿ ಹಿಡಿಯಲು ಕಲಿಸಿದವಳು ಆ ಅಕ್ಕ.

ಸಂಜೆಯ ವಿಮಾನಕ್ಕೆ ಎಂಟು ಸಾವಿರ ಎಂದು ಫೋನಿನಲ್ಲಿ ಕಂಡಿತು. ಯಜಮಾನರ ಕಾರ್ಡಿನ ನಂಬರು ಕೇಳಿ ಬರೆದುಕೊಳ್ಳುವಷ್ಟರಲ್ಲಿ ಹದಿಮೂರಾಯಿತು. ಗಾಬರಿಯಾಗಿ ಕಂಪನಿಗೆ ಫೋನು ಮಾಡಿದೆ.

“ಬೇಡಿಕೆ ಜಾಸ್ತಿ ಆಗಿದೆ, ಮೇಡಂ,” ಎಂದಳು ಆ ಹುಡುಗಿ.

“ಇಷ್ಟು ಹೊತ್ತಿಂದ ಬೇಡ್ತಾ ಇರೋಳು ನಾನೊಬ್ಬಳೇ ಅಲ್ವೇನಮ್ಮ?”

ಪಾಪ, ಅವಳಿಗೂ ನಗು ಬಂತು. ನಾವು ಮಾತು ಮುಗಿಸುವ ಹೊತ್ತಿಗೆ ದರ ಹತ್ತೊಂಬತ್ತು ಸಾವಿರ. ಕಾರ್ಡಿನಲ್ಲಿ ಅಷ್ಟು ಇರಲಿಲ್ಲ. ಮರುದಿನ ಬೆಳಗಿನ ವಿಮಾನಕ್ಕೆ ಒಂಬತ್ತು ಕೊಟ್ಟು ಟಿಕೆಟ್ ತೆಗೆದೆ.

ಪಕ್ಕದಲ್ಲಿ ಕುಳಿತವರು ರಜೆ ಕಳೆಯಲು ಹೊರಟಿದ್ದರು. ಅವರು ಕೊಟ್ಟಿದ್ದು ಮೂರು ಸಾವಿರ. “ಎರಡು ತಿಂಗಳು ಮುಂಚೆನೇ ಬುಕ್ ಮಾಡ್ಬೇಕು ನೋಡಿ,” ಎಂದು ಬುದ್ಧಿ ಹೇಳಿದರು.

“ಹೌದು, ನಮ್ಮಕ್ಕ ಎರಡು ತಿಂಗಳು ಮುಂಚೆನೇ ಹೇಳ್ಬೇಕಿತ್ತು,” ಎಂದೆ.

ಅವರ ಮುಖ ಸಪ್ಪಗಾಯಿತು. ಸಮಾಧಾನಕ್ಕೆಂದೋ ಏನೋ, ತಮ್ಮ ಗೆಳೆಯ ಹಿಂದಿನ ಸಂಜೆಯ ವಿಮಾನದಲ್ಲಿ ಹೋದನೆಂದೂ, ಅರ್ಧಕ್ಕರ್ಧ ಖಾಲಿಯಿದ್ದ ಕಾರಣ ಮೂರು ಸೀಟಿನ ಮೇಲೆ ಕಾಲು ಚಾಚಿ ಮಲಗಿದನೆಂದೂ ಹೇಳಿದರು. ಬೇಡಿಕೆ ಜಾಸ್ತಿಯಾಗಿದ್ದ ವಿಮಾನ ಅದೇ, ಸ್ವಾಮಿ!

ಆಸ್ಪತ್ರೆ ಮುಟ್ಟಿದಾಗ ಅಕ್ಕನನ್ನು ಒಳಗೆ ಕರೆದೊಯ್ದು ಅರ್ಧ ಗಂಟೆಯಾಗಿತ್ತು. “ಬಾಗಿಲನ್ನೇ ನೋಡ್ತಿದ್ಲು ಕಣಮ್ಮ,” ಎಂದರು ಭಾವ. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ಮೂರನೆಯ ದಿನ ತೀರಿಕೊಂಡಳು.

ನಾನು ಹಿಂದಿನ ಸಂಜೆಯೇ ಹೋಗಿದ್ದರೆ ಅವಳು ಉಳಿಯುತ್ತಿದ್ದಳೆಂದು ವಾದಿಸುವಷ್ಟು ದಡ್ಡಿಯಲ್ಲ. ಒಂದು ಮಾತಾಡುತ್ತಿದ್ದೆವು, ಅಷ್ಟೇ. ಆ ಮಾತಿಗೆ ಯಾವ ದರ ನ್ಯಾಯವೆಂದು ತಮ್ಮ ಕಡತದಲ್ಲಿ ಎಲ್ಲಾದರೂ ಬರೆದಿದೆಯೇ?

ಮುಂಚೆ ಕೊಂಡವರಿಗೆ ಅಗ್ಗವಾಗಿ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಕೊನೆಯ ದಿನದ ದರಕ್ಕೆ ಒಂದು ಮಿತಿ ಹಾಕಿ. ಆಸ್ಪತ್ರೆಯ ಚೀಟಿ ತಂದವರಿಗಾಗಿ ಪ್ರತಿ ವಿಮಾನದಲ್ಲೂ ಎರಡು ಸೀಟು ನಿಗದಿತ ದರದಲ್ಲಿ ಇರಲೇಬೇಕೆಂದು ಆಜ್ಞೆ ಹೊರಡಿಸಿ. ನನಗೆ ಸಂತಾಪದ ಪತ್ರ ಬೇಡ. ಆ ಆಜ್ಞೆಯ ಪ್ರತಿ ಕಳುಹಿಸಿದರೆ ಸಾಕು.

ಇಂತಿ,
ಒಂದು ಸಂಜೆ ತಡವಾಗಿ ತಲುಪಿದ ತಂಗಿ