ನನ್ನ ಕುರ್ಚಿಯಲ್ಲಿ ಕೂತವನು

ಕೆನ್ಮೋರ್,
೧೧ ನವೆಂಬರ್ ೨೦೧೭

ಪ್ರಿಯ ದ್ಯಾಮಣ್ಣ,

ನಿನಗೂ ಶಾಂತವ್ವಗೂ ನಮಸ್ಕಾರ. ನಿನ್ನ ಎರಡು ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಬೇಸರಪಟ್ಟುಕೊಳ್ಳಬೇಡ. ಬರೆಯೋಣವೆಂದರೆ ಕೂತಲ್ಲಿ ಕೂತಿರಲು ಆಗುತ್ತಿಲ್ಲ. ಮಗಳು ನೇತ್ರಾ ಆಫೀಸಿಗೆ ಹೋದ ಮೇಲೆ ಕೆರೆಯ ದಂಡೆಗೆ ಹೋಗುತ್ತೇನೆ, ಹತ್ತು ನಿಮಿಷಕ್ಕೆ ಮನೆಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಮೊಮ್ಮಗಳು ಅಕ್ಷಯಾಗೆ ಮುಂದಿನ ಹಲ್ಲು ಬಿದ್ದಿದೆ. ಕನ್ನಡದಲ್ಲಿ ರೇಗಿಸಿದರೆ ಇಂಗ್ಲಿಷಿನಲ್ಲಿ ಗದರಿಸುತ್ತಾಳೆ.

ಕೆರೆಯ ದಂಡೆಯಲ್ಲಿ ಒಬ್ಬ ಹೆಂಗಸಿನ ಪರಿಚಯವಾಗಿದೆ. ಓಲ್ಹಾ ಎಂದು ಹೆಸರು, ಯುಕ್ರೇನಿನವಳು, ಎಪ್ಪತ್ತು ದಾಟಿದೆ. ಅವಳ ಅಜ್ಜ ನೂರು ವರ್ಷದ ಹಿಂದೆ ರೈತರನ್ನು ಕೂಡಿಸಿ ಊರೂರಿಗೆ ಸಹಕಾರಿ ಬ್ಯಾಂಕು ಕಟ್ಟಿದನಂತೆ. ದೇಶ ಸ್ವತಂತ್ರವೆಂದು ಸಾರಿದಾಗ ಅವನನ್ನೇ ಹಣಕಾಸು ಮಂತ್ರಿ ಮಾಡಿದರಂತೆ. ನನಗೆ ಎಲ್ಲಿಲ್ಲದ ಖುಷಿಯಾಗಿ, ನಾನೂ ಬ್ಯಾಂಕಿನ ಅಧ್ಯಕ್ಷನಾಗಿದ್ದೆ, ನಾನೂ ಮಂತ್ರಿಯಾಗಿದ್ದೆ ಎಂದೆ. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ಮೂರು ಸಲ ಹೇಳಬೇಕಾಯಿತು.

ಉಳಿದ ಕಥೆ ಆಮೇಲೆ ಬಂತು. ಸರ್ಕಾರ ಬಿದ್ದಾಗ ಅಜ್ಜ ಗಡಿ ದಾಟಿ ಪಾರಾದ. ಪರದೇಶದಲ್ಲಿ ಮತ್ತೊಂದು ಸಹಕಾರ ಸಂಘ ಕಟ್ಟಿ, ದೊಡ್ಡ ಮನುಷ್ಯನಾಗಿಯೇ ಸತ್ತ. ಮಂತ್ರಿಯಾಗಿ ಹೋಗುವಾಗ ಬ್ಯಾಂಕಿನ ಕುರ್ಚಿಯಲ್ಲಿ ತನ್ನ ಗುಮಾಸ್ತನನ್ನು ಕೂರಿಸಿದ್ದ. ಹೊಸ ಸರ್ಕಾರದವರು ಆ ಗುಮಾಸ್ತನನ್ನು ಹಿಡಿದುಕೊಂಡು ಹೋದರು, ಅವನು ಮರಳಲಿಲ್ಲ. ಅವನ ಹೆಸರನ್ನು ಅಜ್ಜ ಮನೆಯಲ್ಲಿ ಯಾರಿಗೂ ಎತ್ತಗೊಡಲಿಲ್ಲವಂತೆ. ನಿಮ್ಮ ಕುರ್ಚಿಯಲ್ಲಿ ಯಾರು ಕೂತರು ಎಂದು ಓಲ್ಹಾ ಕೇಳಿದಳು. ಮಳೆ ಬರುತ್ತದೆಂದು ನೆಪ ಹೇಳಿ ಎದ್ದು ಬಂದೆ. ಅಂದಿನಿಂದ ಆ ಕಡೆ ಹೋಗುವಾಗ ಅವಳು ಇದ್ದಾಳೋ ಎಂದು ದೂರದಿಂದಲೇ ನೋಡುತ್ತೇನೆ.

ನಮ್ಮ ಬ್ಯಾಂಕು ಮುಳುಗಿದ ಕೇಸಿನಲ್ಲಿ ಈ ತಿಂಗಳ ಇಪ್ಪತ್ತೇಳಕ್ಕೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿರೆಂದು ಬರೆದಿದ್ದೀಯ. ಏನು ಮಾಡಲಿ, ಎದೆನೋವು. ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ನೀನು ಧೈರ್ಯಗೆಡಬೇಡ. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಶಿವಬಸಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ನೇತ್ರಾ ಇದನ್ನು ಓದಿದಳು. "ಅಪ್ಪಾಜಿ, ಡಾಕ್ಟರು ಹಂಗ ಅಂದೇ ಇಲ್ಲಲ್ರಿ. ಸುಳ್ಳ ಯಾಕ ಬರದೀರಿ?" ಎಂದಳು.

ದ್ಯಾಮಣ್ಣ, ಎದೆನೋವಿಲ್ಲ. ಹೆದರಿಕೆ ಇದೆ. ಮಂತ್ರಿಯಾಗಿ ಬೆಂಗಳೂರಿಗೆ ಹೋಗುವಾಗ ನನ್ನ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದೆ. ಬ್ಯಾಂಕನ್ನು ಮುಳುಗಿಸಿದ ಆ ಸಾಲದ ಠರಾವಿಗೆ ಸಹಿ ಹಾಕಲು ಮನಸ್ಸೊಪ್ಪದೆ ನೀನು ಫೋನ್ ಮಾಡಿದ್ದೆ. "ನಾ ಅದೀನಿ, ಹಾಕು" ಎಂದವನು ನಾನು. ತನಿಖೆಯವರಿಗೆ, ನನಗೇನೂ ಗೊತ್ತಿಲ್ಲ, ಎಲ್ಲ ದ್ಯಾಮಣ್ಣನದೇ ಎಂದು ಬರೆದುಕೊಟ್ಟವನೂ ನಾನೇ. ನಿನ್ನ ವಕೀಲರು ಹೇಳಿರಬಹುದು, ನೀನು ನಂಬಿರಲಿಕ್ಕಿಲ್ಲ. ನಂಬಿದ್ದರೆ ಎರಡು ಪತ್ರದಲ್ಲೂ ಮೊದಲು ನನ್ನ ಆರೋಗ್ಯ ವಿಚಾರಿಸುತ್ತಿರಲಿಲ್ಲ.

ಬಂದು ಕಟಕಟೆಯಲ್ಲಿ ನಿಲ್ಲುವ ಧೈರ್ಯ ಇಪ್ಪತ್ತೇಳರೊಳಗೆ ಬರುತ್ತದೋ ಇಲ್ಲವೋ, ಹೇಳಲಾರೆ. ಈ ಹಾಳೆಯನ್ನು ನಿನ್ನ ವಕೀಲರ ಕೈಗೆ ಕೊಡು. ಕೆಳಗೆ ಪೂರ್ತಿ ಹೆಸರು, ತಾರೀಖು ಬರೆದು ಸಹಿ ಹಾಕಿದ್ದೇನೆ. ಸಾಕ್ಷಿಗೆ ನೇತ್ರಾ ಹಾಕಿದ್ದಾಳೆ.