ಬಾಗಿಲ ಈಚೆ

ಕಮಲಾಪುರ, ೧೪ ನವೆಂಬರ್ ೧೯೨೩, ಬುಧವಾರ

ಅಯ್ಯೋ, ಆ ಕೂಸಿನ ಅಳು! ತವರಿಗೆ ಬಂದ ನಾದಿನಿ ಚಂದಮ್ಮ ಹಡೆದು ಮೂರು ದಿನ. ಮೊದಲ ಹಾಲು ಒಳ್ಳೆಯದಲ್ಲವೆಂದು ಅತ್ತೆ ಹಿಂಡಿಸಿ ಬಾಳೆಯ ಬುಡಕ್ಕೆ ಚೆಲ್ಲಿಸಿದರು. ಈಗ ಎದೆ ಕಲ್ಲಾಗಿದೆ, ಕೂಸು ಬಾಯಿ ಹಚ್ಚದು. ನರ್ಸಮ್ಮ ಇರುವುದು ಕಲಬುರಗಿಯಲ್ಲಿ, ನನ್ನವರೂ ಅಲ್ಲಿಯೇ. ಅವರು ತಂದುಕೊಟ್ಟಿದ್ದ ಬಾಣಂತಿ ಆರೈಕೆಯ ಇಂಗ್ಲಿಷ್ ಪುಸ್ತಕ ಹಿಡಿದು ನಾನು ಓಡಿದೆ: ಬಿಸಿನೀರಿನ ಬಟ್ಟೆಯಿಂದ ಕಾವು ಕೊಡಬೇಕಂತೆ!

"ಪುಸ್ತಕ ಯಾವಾಗ ಹಡದದವ್ವಾ? ನೀ ಮದಲ ಹಡಿ, ಆಮ್ಯಾಲ ಓದಿ ಹೇಳು," ಎಂದರು ಅತ್ತೆ. ಎಲ್ಲರೂ ನಕ್ಕರು.

ಸಂಜೆ ಸೂಲಗಿತ್ತಿ ಹಣಮಮ್ಮ ಬಂದಳು. ಹಡೆಯದವಳೆಂದು ನನ್ನನ್ನು ಹೊರಗೇ ಬಿಟ್ಟು, ಬಾಗಿಲು ಹಾಕಿಕೊಂಡು ಒಳಗಿನಿಂದಲೇ, "ಅಕ್ಕಾರೇ, ಬಿಸಿನೀರು, ಅರಿವಿ ತರ್ರೀ," ಎಂದಳು. ನೀರು, ಬಟ್ಟೆ ಕೊಟ್ಟೆ. ಬಾಗಿಲು ಮತ್ತೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು! ಒಳಗೆಲ್ಲ ನಗು. ನಾನು ಹೊರಗೆ ಒಬ್ಬಳೇ ಕುಣಿದೆ. ಪುಸ್ತಕದಲ್ಲೂ ಅದೇ ಇತ್ತು. ಯಾರಿಗೆ ಹೇಳಲಿ? ಇವರು ಇಲ್ಲಿದ್ದಿದ್ದರೆ…